ರಹದಾರಿಯೂ ದಾರಿಯೂ

ಮಕ್ಕಳು ಅಮೆರಿಕದಲ್ಲಿ ನೆಲಸಿರುವ ಮನೆಗಳಲ್ಲಿ ತಂದೆತಾಯಿಗಳು ವರ್ಷ ಎರಡು ವರ್ಷಕ್ಕೊಮ್ಮೆ ಐದಾರು ತಿಂಗಳ ಮಟ್ಟಿಗೆ ಅಲ್ಲಿಗೆ ಹೋಗಿಬರುವುದು ಈಗ ವಾಡಿಕೆಯಾಗಿದೆ. ಹಾಗೆ ಹೊರಟವರು ಉಪ್ಪಿನಕಾಯಿಯ ಭರಣಿಯು ಪೆಟ್ಟಿಗೆಯೊಳಗೆ ಸೋರದಂತೆ ಕಟ್ಟುವುದರಲ್ಲಿ ವಹಿಸುವ ಎಚ್ಚರಿಕೆಯ ಹತ್ತರಲ್ಲೊಂದು ಪಾಲನ್ನಾದರೂ ಆ ದೇಶದಲ್ಲಿ ಮೋಟಾರು ಗಾಡಿಯನ್ನು ನಡೆಸುವ ವಿಚಾರದಲ್ಲಿ ವಹಿಸುವರೆಂದು ನಮಗೆ ತೋರುವುದಿಲ್ಲ. "ಮೂವತ್ತು ವರ್ಷದಿಂದ ಗಾಡಿ ಓಡಿಸಿದ ಕೈ, ಲೈಸೆನ್ಸು ಜೇಬಿನಲ್ಲಿದೆ" ಎಂಬುದು ಒಂದು ಪಕ್ಷ. "ಅಂತರರಾಷ್ಟ್ರೀಯ ಪರ್ಮಿಟ್ಟನ್ನು ಮಾಡಿಸಿಕೊಂಡಾಯಿತು, ಇನ್ನೇನು ಭಯ" ಎಂಬುದು ಮತ್ತೊಂದು ಪಕ್ಷ. ಈ ಎರಡನ್ನೂ ವಾಚಕರೊಡನೆ ಕುಳಿತು ಸ್ವಲ್ಪ ಪರಿಶೀಲಿಸೋಣವೆಂದು ಈ ತಿಂಗಳು ಲೇಖನಿಯನ್ನು ಹಿಡಿದಿರುವೆವು.

ಗಾಡಿ ನಡೆಸುವ ಆಸೆಯನ್ನು ನಾವು ಹಾಸ್ಯಮಾಡಲಾರೆವು. ಆ ದೇಶದ ಪಟ್ಟಣಗಳ ಹೊರವಲಯದ ಬಡಾವಣೆಗಳಲ್ಲಿ ಬಸ್ಸಿನ ಸೌಕರ್ಯವು ಅತ್ಯಲ್ಪ. ಎಷ್ಟೋ ಕಡೆ ಇಲ್ಲವೇ ಇಲ್ಲ. ಹಾಲು ತರಬೇಕಾದರೂ ಎರಡು ಮೂರು ಮೈಲಿ ಹೋಗಬೇಕಾಗುವುದುಂಟು. ಮಗನೂ ಸೊಸೆಯೂ ಬೆಳಗ್ಗೆ ಕೆಲಸಕ್ಕೆ ಹೊರಟುಹೋದರೆಂದರೆ, ಊರಿನಲ್ಲಿ ದಿನಕ್ಕೆ ನಾಲ್ಕು ಸಲ ಪೇಟೆಗೆ ಹೋಗಿಬರುತ್ತಿದ್ದ ಗೃಹಸ್ಥರು ಸಂಜೆಯವರೆಗೆ ಕಿಟಕಿಯ ಬಳಿ ಕುಳಿತಿರಬೇಕು. ನಮ್ಮೊಡನೆ ಬಹುಕಾಲ ಗಣಿತ ಪಾಠ ಹೇಳಿದ ಮಿತ್ರರೊಬ್ಬರು ಮಗಳ ಮನೆಯಿಂದ ಹಿಂದಿರುಗಿ ಬಂದು, "ಅಲ್ಲಿ ಊಟ, ಹಾಸಿಗೆ, ಮರ್ಯಾದೆ ಎಲ್ಲವೂ ಇತ್ತು ಮೇಷ್ಟ್ರೇ, ಕಾಲು ಮಾತ್ರ ಇರಲಿಲ್ಲ" ಎಂದರು. ಮೊಮ್ಮಗಳನ್ನು ಪಾಠಶಾಲೆಯಿಂದ ಕರೆದುಕೊಂಡು ಬರುವಷ್ಟಕ್ಕಾದರೂ ಉಪಯೋಗಕ್ಕೆ ಬರೋಣವೆಂದು ಹಿರಿಯರಿಗೆ ಅನ್ನಿಸುವುದು ಸಹಜವೇ ಸರಿ.

ಮೊದಲು ರಹದಾರಿಯ ಮಾತು. ಅಂತರರಾಷ್ಟ್ರೀಯ ಚಾಲನಾ ಪರ್ಮಿಟ್ಟೆಂಬ ಹೆಸರು ಕಿವಿಗೆ ದೊಡ್ಡದಾಗಿ ಕೇಳಿಸಿದರೂ ಅದು ಸ್ವತಂತ್ರವಾದ ಅಧಿಕಾರಪತ್ರವಲ್ಲ. ನಮ್ಮ ಲೈಸೆನ್ಸಿನಲ್ಲಿರುವ ವಿಷಯವನ್ನು ಪರದೇಶದ ಅಧಿಕಾರಿಯು ತನ್ನ ಭಾಷೆಯಲ್ಲಿ ಓದಿಕೊಳ್ಳುವಂತೆ ಹಲವು ಭಾಷೆಗಳಲ್ಲಿ ನಿರೂಪಿಸುವ ಒಂದು ಕಿರುಹೊತ್ತಗೆ, ಅಷ್ಟೆ. ಲೈಸೆನ್ಸು ಮೂಲ, ಇದು ಟೀಕೆ. ಮೂಲವನ್ನು ಮನೆಯಲ್ಲಿಟ್ಟು ಟೀಕೆಯೊಂದನ್ನೇ ಕೈಯಲ್ಲಿ ಹಿಡಿದು ಹೊರಟರೆ ಪ್ರಯೋಜನವಿಲ್ಲ, ಎರಡೂ ಒಟ್ಟಿಗಿರತಕ್ಕದ್ದು. 1909ರಲ್ಲಿ ಪ್ಯಾರಿಸ್ ನಗರದಲ್ಲಿ ಕೆಲವು ದೇಶಗಳು ಕೂಡಿ ಮೋಟಾರು ಗಾಡಿಗಳ ಪರದೇಶ ಸಂಚಾರಕ್ಕೆ ಮಾಡಿಕೊಂಡ ಒಪ್ಪಂದದಿಂದ ಈ ಪದ್ಧತಿಯು ಮೊದಲಾಯಿತು. 1949ನೆಯ ಇಸವಿ ಸೆಪ್ಟೆಂಬರ್ 19ರಂದು ಜಿನೀವಾದಲ್ಲಿ ಆದ ಒಪ್ಪಂದವು ಅದಕ್ಕೆ ಈಗ ನಾವು ಕಾಣುವ ರೂಪವನ್ನು ಕೊಟ್ಟಿತು. ನಮ್ಮ ದೇಶವು 1962ರಲ್ಲಿ ಆ ಒಪ್ಪಂದಕ್ಕೆ ಸೇರಿತು. ಅದರಂತೆ ಕೊಡುವ ಪರ್ಮಿಟ್ಟಿನ ಆಯುಸ್ಸು ಒಂದು ವರ್ಷ. ಅದಕ್ಕೆ ಮುಂಚೆಯೇ ಮೂಲ ಲೈಸೆನ್ಸು ತೀರಿದರೆ ಪರ್ಮಿಟ್ಟೂ ಅದರೊಡನೆ ತೀರುವುದು. 55 ವರ್ಷ ದಾಟಿದವರ ಲೈಸೆನ್ಸು ಐದೈದು ವರ್ಷಕ್ಕೊಮ್ಮೆ ನವೀಕರಣವಾಗಬೇಕಾದ್ದರಿಂದ ನಮ್ಮ ವಯಸ್ಸಿನವರು ಈ ದಿನಾಂಕವನ್ನು ಮೊದಲು ನೋಡಿಕೊಳ್ಳುವುದು ಲೇಸು. ಅವಧಿ ತೀರುವ ಒಂದು ವರ್ಷ ಮುಂಚಿನಿಂದಲೇ ನವೀಕರಣಕ್ಕೆ ಅರ್ಜಿ ಕೊಡಲು ಅವಕಾಶವಿದೆ.

ಪರ್ಮಿಟ್ಟನ್ನು ಕೊಡುವವರು ನಮ್ಮ ಪ್ರಾದೇಶಿಕ ಸಾರಿಗೆ ಕಚೇರಿಯವರು. ಕೇಂದ್ರ ನಿಯಮದಂತೆ ಶುಲ್ಕವು 1,000 ರೂಪಾಯಿ. ಅರ್ಜಿಯ ನಮೂನೆ 4-ಎ. ಮನೆಯಲ್ಲಿಯೇ ಕುಳಿತು ಅರ್ಜಿಯನ್ನು ತುಂಬುವುದಕ್ಕೆ ಸರ್ಕಾರದವರು ಏರ್ಪಡಿಸಿರುವ ಜಾಲತಾಣದ ಹೆಸರು 'ಸಾರಥಿ'. ಗಾಡಿಗಳ ದಾಖಲೆಯ ತಾಣದ ಹೆಸರು 'ವಾಹನ'. ಸಂಸ್ಕೃತಕ್ಕೆ ಇನ್ನೂ ಸರ್ಕಾರಿ ಉದ್ಯೋಗ ದೊರೆಯುತ್ತಿರುವುದನ್ನು ಕಂಡು ನಮಗೆ ಸಂತೋಷವಾಯಿತು. 2021ರ ಜನವರಿಯಿಂದೀಚೆಗೆ ಅರ್ಜಿಯ ಕಾಲದಲ್ಲಿ ವೈದ್ಯರ ಪ್ರಮಾಣಪತ್ರವನ್ನೂ ವೀಸಾವನ್ನೂ ಕೇಳುವ ನಿಯಮವು ಹೋಗಿದೆ. ಪರದೇಶದಲ್ಲಿರುವಾಗಲೇ ಅವಧಿ ತೀರಿದವರು ಅಲ್ಲಿನ ಭಾರತ ರಾಯಭಾರ ಕಚೇರಿಯ ಮೂಲಕ ಹೊಸದನ್ನು ಕೋರುವ ಅನುಕೂಲವೂ ಆಗಲೇ ಆಯಿತು. ಒಂದೊಂದು ರಾಜ್ಯದಲ್ಲಿ ಒಂದೊಂದು ಆಕಾರದಲ್ಲಿದ್ದ ಈ ಪುಸ್ತಕವನ್ನು 2022ರ ಆಗಸ್ಟಿನ ಆಜ್ಞೆಯು ದೇಶಕ್ಕೆಲ್ಲ ಒಂದೇ ರೂಪಕ್ಕೆ ತಂದಿತು. ಇಲ್ಲಿ ಒಂದು ಎಚ್ಚರಿಕೆ. ಮೂರು ವರ್ಷದ, ಹತ್ತು ವರ್ಷದ 'ಅಂತರರಾಷ್ಟ್ರೀಯ ಲೈಸೆನ್ಸು'ಗಳನ್ನು ಅಂಚೆಯಲ್ಲಿ ಕಳುಹಿಸುವೆವೆಂದು ಹಣ ಕೀಳುವ ವ್ಯಾಪಾರಿಗಳು ಜಾಲದಲ್ಲಿ ಬಹುಮಂದಿ ಇರುವರು. ಇಂತಹ ಕಾಗದಗಳಿಗೆ ಬೆಲೆಯಿಲ್ಲವೆಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ನಿನವರೇ ತಮ್ಮ ಜನರಿಗೆ ಸಾರಿ ಹೇಳಿರುವರು. ಚಿನ್ನದ ಬಣ್ಣದ ಮೊಹರನ್ನು ಕಂಡು ಮರುಳಾಗಬಾರದು.

ಈ ಪುಸ್ತಕವು ಎಲ್ಲ ದೇಶದಲ್ಲಿಯೂ ಒಂದೇ ಸಮನಾಗಿ ಸಲ್ಲುವುದಿಲ್ಲ. ಜಪಾನಿನಲ್ಲಿ ಭಾರತದಿಂದ ಹೋದ ಪ್ರವಾಸಿಗೆ 1949ರ ಒಪ್ಪಂದದ ಪರ್ಮಿಟ್ಟಿಲ್ಲದೆ ಗತಿಯಿಲ್ಲ. ಚೀನಾದಲ್ಲಿ ಅದನ್ನು ಮಾನ್ಯಮಾಡುವುದೇ ಇಲ್ಲ. ಬ್ರಿಟನ್ನಿಗೆ ಪ್ರವಾಸ ಹೋದವರು ಊರಿನ ಲೈಸೆನ್ಸಿನ ಮೇಲೆಯೇ 12 ತಿಂಗಳು ಕಾರು ನಡೆಸಬಹುದು. ಜರ್ಮನಿಯಲ್ಲಿ ಮನೆಮಾಡಿ ನೆಲಸಿದವರಿಗೆ ನಮ್ಮ ಲೈಸೆನ್ಸು ಆರು ತಿಂಗಳಿಗೆ ಮೇಲೆ ನಡೆಯುವುದಿಲ್ಲ. ಅಮೆರಿಕದಲ್ಲಾದರೋ ಐವತ್ತು ಸಂಸ್ಥಾನಗಳು. ಒಂದೊಂದಕ್ಕೆ ಒಂದೊಂದು ಮೋಟಾರು ಕಾನೂನು. ಕ್ಯಾಲಿಫೋರ್ನಿಯದಲ್ಲಿ 18 ವರ್ಷ ದಾಟಿದ ಪ್ರವಾಸಿಯು ಊರ್ಜಿತವಾಗಿರುವ ಸ್ವದೇಶದ ಲೈಸೆನ್ಸಿನಿಂದಲೇ ಗಾಡಿ ನಡೆಸಬಹುದು. ಆದರೆ ಅಲ್ಲಿಯೇ ನೆಲಸಲು ಬಂದವರು ಹತ್ತು ದಿನದೊಳಗೆ ಆ ಸಂಸ್ಥಾನದ ಲೈಸೆನ್ಸಿಗೆ ಅರ್ಜಿ ಹಾಕಬೇಕು. ಆದಕಾರಣ "ಅಮೆರಿಕದಲ್ಲಿ ಹೀಗಂತೆ" ಎಂಬ ನೆರೆಮನೆಯವರ ಮಾತನ್ನು ನಂಬದೆ, ಮಗನಿರುವ ಸಂಸ್ಥಾನದ ಮೋಟಾರು ಇಲಾಖೆಯವರು ಪ್ರಕಟಿಸಿರುವುದನ್ನು ಮಗನಿಂದಲೇ ಓದಿಸಿಕೊಳ್ಳತಕ್ಕದ್ದು. ಬಾಡಿಗೆ ಗಾಡಿಯವರು ಕಾನೂನು ಕೇಳದಿದ್ದರೂ ತಾವಾಗಿ ಪರ್ಮಿಟ್ಟನ್ನು ಕೇಳುವುದುಂಟು. ಹೀಗಾಗಿ ಸಾವಿರ ರೂಪಾಯಿಗೆ ದೊರೆಯುವ ಈ ಪುಸ್ತಕವನ್ನು ಮಾಡಿಸಿಕೊಳ್ಳುವುದು ನಷ್ಟದ ಮಾತಲ್ಲ.

ಅಂತು ರಹದಾರಿಯು ದೊರೆಯುವುದು ಸುಲಭ. ದಾರಿಯ ಮಾತು ಹಾಗಲ್ಲ. ಕೌಂಟರಿನಲ್ಲಿ ಕುಳಿತ ಗುಮಾಸ್ತೆಯು ನಮ್ಮ ಹೆಸರು, ವಿಳಾಸ, ಭಾವಚಿತ್ರಗಳನ್ನು ಅನುವಾದಿಸಿ ಕೊಡಬಲ್ಲನೇ ವಿನಾ ನಮ್ಮ ಅಭ್ಯಾಸವನ್ನು ಅನುವಾದಿಸಲಾರನು.

ದಾರಿಯು ಯಾರದು, ಯಾರು ಯಾರಿಗೆ ಬಿಡತಕ್ಕದ್ದು ಎಂಬ ಪ್ರಶ್ನೆಯು ಮೋಟಾರಿನೊಡನೆ ಹುಟ್ಟಿದ್ದಲ್ಲ. ಮನುಸ್ಮೃತಿಯ ಎರಡನೆಯ ಅಧ್ಯಾಯದಲ್ಲಿ ಇದಕ್ಕೊಂದು ಪಟ್ಟಿಯಿದೆ: ಗಾಡಿಯಲ್ಲಿ ಬರುವವನು, ತೊಂಬತ್ತು ದಾಟಿದ ವೃದ್ಧ, ರೋಗಿ, ಹೊರೆ ಹೊತ್ತವನು, ಸ್ತ್ರೀ, ಸ್ನಾತಕ, ರಾಜ, ಮದುವೆಗೆ ಹೊರಟ ವರ, ಇವರಿಗೆ ದಾರಿ ಬಿಡಬೇಕು. ವಾಚಕರು ಗಮನಿಸಿರಬಹುದು, ಗಾಡಿಯವನಿಗೆ ಅಲ್ಲಿ ಮೊದಲ ಸ್ಥಾನ. ನಮ್ಮ ಊರುಗಳ ಬೀದಿಯಲ್ಲಿ ಈ ಪಟ್ಟಿಯ ಮೊದಲ ಹೆಸರೊಂದು ಮಾತ್ರ ಇಂದಿಗೂ ಚಾಲ್ತಿಯಲ್ಲಿದ್ದು ಉಳಿದೆಲ್ಲವೂ ಲುಪ್ತವಾದಂತೆ ತೋರುತ್ತದೆ. ದೊಡ್ಡ ಗಾಡಿಗೆ ಚಿಕ್ಕದು, ಚಿಕ್ಕದಕ್ಕೆ ಕಾಲುನಡಿಗೆಯವನು ದಾರಿ ಬಿಡುವನು. ಬ್ರಿಟನ್ನಿನವರ ರಸ್ತೆ ಸಂಹಿತೆಯು 2022ರ ಜನವರಿಯಲ್ಲಿ ತಿದ್ದುಪಡಿಯಾದಾಗ ಇದನ್ನು ಸರಿಯಾಗಿ ತಲೆಕೆಳಗುಮಾಡಿ ಬರೆಯಲಾಯಿತು. ಹೆಚ್ಚು ಕೇಡು ಮಾಡಬಲ್ಲವನದೇ ಹೆಚ್ಚು ಹೊಣೆ. ಅಡ್ಡಬೀದಿಗೆ ತಿರುಗುವ ಗಾಡಿಯು ಆ ಬೀದಿಯನ್ನು ದಾಟುತ್ತಿರುವವನಿಗೆ ಮಾತ್ರವಲ್ಲ, ದಾಟಲು ಕಾದು ನಿಂತಿರುವವನಿಗೂ ದಾರಿ ಬಿಡತಕ್ಕದ್ದು.

ಅಮೆರಿಕದ ಬಡಾವಣೆಗಳಲ್ಲಿ ಈ ದಾರಿ ಬಿಡುವ ಧರ್ಮವು ಹೆಜ್ಜೆಹೆಜ್ಜೆಗೂ ಎದುರಾಗುವುದು. ನಾಲ್ಕು ಬೀದಿ ಕೂಡುವಲ್ಲಿ ದೀಪವೂ ಇರುವುದಿಲ್ಲ, ಪೊಲೀಸಿನವನೂ ಇರುವುದಿಲ್ಲ; ನಾಲ್ಕು ಕಡೆಗೂ ಎಂಟು ಮೂಲೆಯ ಕೆಂಪು ಫಲಕವೊಂದೊಂದು ನೆಟ್ಟಿರುವುದು. ಪ್ರತಿಯೊಂದು ಗಾಡಿಯೂ ಚಕ್ರವು ಪೂರ್ತಿಯಾಗಿ ನಿಲ್ಲುವಂತೆ ನಿಲ್ಲಬೇಕು. ಮೊದಲು ಬಂದವನು ಮೊದಲು ಹೊರಡುವನು. ಒಟ್ಟಿಗೆ ಬಂದರೆ ತನ್ನ ಬಲಗಡೆಯವನಿಗೆ ಬಿಡಬೇಕು. ನಮ್ಮವರು ಇಲ್ಲಿ ಎರಡು ಬಗೆಯಲ್ಲಿ ಎಡವುವರು. ಬೀದಿ ಖಾಲಿಯಿದೆಯೆಂದು ನಿಲ್ಲದೆಯೇ ಮೆಲ್ಲಗೆ ಜಾರಿಹೋಗುವುದು ಒಂದು. ಅತಿ ವಿನಯದಿಂದ ತಮ್ಮ ಸರದಿ ಬಂದರೂ "ನೀವು ಹೋಗಿ" ಎಂದು ಕೈಬೀಸುತ್ತ ನಿಂತು ನಾಲ್ವರನ್ನೂ ಗೊಂದಲಕ್ಕೆ ಕೆಡಹುವುದು ಇನ್ನೊಂದು. ಮಹಾಭಾರತದ ವನಪರ್ವದಲ್ಲಿ ಸುಹೋತ್ರ, ಶಿಬಿ ಎಂಬ ಇಬ್ಬರು ಅರಸರು ರಥವೇರಿ ಎದುರುಬದುರಾಗಿ ಬಂದು, ಇಬ್ಬರೂ ಸಮಾನರೆಂದು ಯಾರೂ ದಾರಿ ಬಿಡದೆ ನಿಂತ ಕಥೆಯಿದೆ. ಅದನ್ನು ಬಿಡಿಸುವುದಕ್ಕೆ ನಾರದರೇ ಬರಬೇಕಾಯಿತು. ಅಮೆರಿಕದವರು ನಾರದರ ಕೆಲಸವನ್ನು ತಗಡಿನ ಫಲಕಕ್ಕೆ ವಹಿಸಿರುವರು. ಆದರೆ ಆ ಫಲಕದ ಮಾತನ್ನು ನಾಲ್ವರೂ ಕೇಳಿದರೆ ಮಾತ್ರ ಕೆಲಸ ನಡೆಯುವುದು.

ದೀಪವಿರುವ ಕಡೆ ಬೇರೊಂದು ವಿಚಿತ್ರ. ಕೆಂಪು ದೀಪವಿದ್ದರೂ ಪೂರ್ತಿ ನಿಂತು, ನೋಡಿ, ದಾರಿ ಬಿಟ್ಟು, ಬಲಕ್ಕೆ ತಿರುಗಲು ಬಹುಮಟ್ಟಿಗೆ ಎಲ್ಲೆಡೆಯೂ ಅನುಮತಿಯಿದೆ; ನ್ಯೂಯಾರ್ಕ್ ನಗರದಲ್ಲಿ ಫಲಕವು ಅನುಮತಿಸಿದ ಹೊರತು ಇಲ್ಲ. ನಮ್ಮಲ್ಲಿ ಬಲಕ್ಕೆ ತಿರುಗುವುದು ಕಷ್ಟ, ಎಡಕ್ಕೆ ಸುಲಭ. ಅಲ್ಲಿ ಎಡಕ್ಕೆ ತಿರುಗುವಾಗಲೇ ಎದುರು ಸಾಲನ್ನು ಅಡ್ಡಹಾಯಬೇಕು. ಹಸಿರು ದೀಪ ಬಂದಿದೆಯೆಂಬ ಮಾತ್ರಕ್ಕೆ ಎಡಕ್ಕೆ ನುಗ್ಗಬಾರದು. ಎಡಕ್ಕೆ ಹಸಿರು ಬಾಣದ ಗುರುತು ಬಂದಿಲ್ಲದಿದ್ದರೆ ಎದುರಿನಿಂದ ನೇರವಾಗಿ ಬರುವವರಿಗೆ ಮೊದಲು ಬಿಡಬೇಕು. ಇನ್ನು ಹಳದಿ ಬಣ್ಣದ ಶಾಲಾ ಬಸ್ಸು. ಅದು ನಿಂತು ಕೆಂಪು ದೀಪಗಳನ್ನು ಮಿನುಗಿಸಿ ಪಕ್ಕದಿಂದ ಸಣ್ಣ ಫಲಕವನ್ನು ಚಾಚಿತೆಂದರೆ ಹಿಂದಿನ ಗಾಡಿಗಳು ಮಾತ್ರವಲ್ಲ, ಎದುರಿನಿಂದ ಬರುವ ಗಾಡಿಗಳೂ ನಿಂತುಬಿಡಬೇಕು. ನಡುವೆ ಕಟ್ಟೆಯಿರುವ ಜೋಡಿರಸ್ತೆಯಲ್ಲಿ ಎದುರಿನವರಿಗೆ ಎಷ್ಟೋ ಸಂಸ್ಥಾನಗಳು ವಿನಾಯಿತಿ ಕೊಟ್ಟಿವೆ. ನ್ಯೂಯಾರ್ಕ್ ಸಂಸ್ಥಾನವು ಅದನ್ನೂ ಕೊಟ್ಟಿಲ್ಲ. ಒಂದು ಮಗು ಇಳಿದು ಬೀದಿ ದಾಟುವವರೆಗೆ ಇಪ್ಪತ್ತು ಗಾಡಿಗಳು ಉಸಿರಿಲ್ಲದೆ ನಿಂತಿರುವುದನ್ನು ನಮ್ಮ ಗಣಿತದ ಮಿತ್ರರು ಕಂಡು ಬಂದು ಎರಡು ಮೂರು ಸಲ ನಮ್ಮೆದುರು ವರ್ಣಿಸಿದರು. ಕೇಳಿ ನಾವು ನಮ್ಮ ಪಾಠಶಾಲೆಯ ಮುಂದಿನ ಹೆದ್ದಾರಿಯನ್ನು ನೆನೆದುಕೊಂಡೆವು.

ಪೊಲೀಸಿನವರ ವಿಷಯವನ್ನು ಸ್ವಲ್ಪ ವಿಸ್ತರಿಸಿಯೇ ಹೇಳಬೇಕು. ನಮ್ಮಲ್ಲಿ ಅಧಿಕಾರಿಯು ಕೈತೋರಿಸಿದರೆ ಗಾಡಿಯಿಂದಿಳಿದು ಕಾಗದಗಳನ್ನು ಹಿಡಿದು ಅವರಿದ್ದಲ್ಲಿಗೆ ಹೋಗುವುದು ಮರ್ಯಾದೆ. ಕುಳಿತೇ ಇರುವುದು ಉದ್ಧಟತನ. ಅಲ್ಲಿ ಇದು ಪೂರ್ತಿಯಾಗಿ ವಿಪರೀತ. ಹಿಂದಿನಿಂದ ಬಂದ ಪೊಲೀಸು ಗಾಡಿಯು ದೀಪಗಳನ್ನು ಮಿನುಗಿಸಿದರೆ, ಸುರಕ್ಷಿತವಾದ ಕಡೆ ಬಲಗಡೆಗೆ ಸರಿದು ನಿಲ್ಲಿಸಿ, ಒಳಗೇ ಕುಳಿತು, ಎರಡು ಕೈಗಳನ್ನೂ ಚಕ್ರದ ಮೇಲೆ ಕಾಣುವಂತೆ ಇಟ್ಟುಕೊಂಡಿರಬೇಕು. ಕಾಗದಕ್ಕಾಗಿ ಜೇಬಿಗೆ ಕೈಹಾಕುವುದಾದರೂ ಮೊದಲು ಹೇಳಿ, ಅವರು ಹೂಂ ಎಂದ ಮೇಲೆ. ಬಂದೂಕು ಮನೆಮನೆಯಲ್ಲಿರುವ ದೇಶ. ಇಳಿದು ತನ್ನತ್ತ ನಡೆದುಬರುವ ಅಪರಿಚಿತನನ್ನು ಆ ಅಧಿಕಾರಿಯು ವಿನಯಶೀಲನೆಂದು ತಿಳಿಯುವುದಿಲ್ಲ. ಹೊರಡುವ ಮುನ್ನ ಈ ಒಂದು ಮಾತನ್ನು ಮನೆಯ ಯಜಮಾನರಿಗೆ ಮನೆಯಾಕೆಯು ನಾಲ್ಕಾರು ಸಲ ಜ್ಞಾಪಿಸಲಿ.

ಇನ್ನು ಎಡಬಲಗಳ ಪ್ರಶ್ನೆ. ಬಲಗಡೆಯಲ್ಲಿ ನಡೆಸುವುದು ಕಷ್ಟವೆಂದು ಎಲ್ಲರೂ ಅಂಜುವರು. ಆ ಅಂಜಿಕೆಯಿರುವವರೆಗೆ ಅಪಾಯ ಕಡಮೆ. ಸ್ವೀಡನ್ ದೇಶವು 1967ನೆಯ ಇಸವಿ ಸೆಪ್ಟೆಂಬರ್ 3ರ ಬೆಳಗಿನ 5 ಗಂಟೆಗೆ ಎಡದಿಂದ ಬಲಕ್ಕೆ ಬದಲಾಯಿತು. ಮೊದಲಲ್ಲಿ ಅಪಘಾತಗಳು ಹೆಚ್ಚುವುದರ ಬದಲು ಕಡಮೆಯಾದವು, ಎಲ್ಲರೂ ಕಣ್ಣಿನಲ್ಲಿ ಎಣ್ಣೆ ಹಾಕಿಕೊಂಡು ನಡೆಸುತ್ತಿದ್ದುದರಿಂದ. ಅಭ್ಯಾಸವಾದಮೇಲೆ ಹಿಂದಿನ ಮಟ್ಟಕ್ಕೆ ಮರಳಿದವು. ಅಲ್ಲಿಯಾದರೆ ದೇಶಕ್ಕೆ ದೇಶವೇ ಒಟ್ಟಿಗೆ ಕಲಿಯಿತು. ಪ್ರವಾಸಿಯು ಒಬ್ಬನೇ ಕಲಿಯಬೇಕು, ಉಳಿದವರಾರೂ ಅವನಿಗಾಗಿ ಕಾಯುವುದಿಲ್ಲ. ಬೀದಿಯ ತುಂಬ ಗಾಡಿಗಳಿರುವಾಗ ಮುಂದಿನವನನ್ನು ಹಿಂಬಾಲಿಸಿದರೆ ಸಾಕು. ಮುಂಜಾನೆಯ ನಿರ್ಜನವಾದ ಬೀದಿಯಲ್ಲಿ, ಪೆಟ್ರೋಲು ಬಂಕಿನಿಂದಲೋ ಅಂಗಡಿಯ ಅಂಗಳದಿಂದಲೋ ಹೊರಬೀಳುವಾಗ, ಮನಸ್ಸು ಬೇರೆಲ್ಲೋ ಇರುವಾಗ ಕೈಯು ತನ್ನ ಹಳೆಯ ಪಕ್ಕಕ್ಕೆ ತಾನೇ ಹೋಗುವುದು. 2019ರ ಆಗಸ್ಟ್ 27ರಂದು ಇಂಗ್ಲೆಂಡಿನ ನಾರ್ಥಾಂಪ್ಟನ್‌ಷೈರಿನ ಕ್ರೌಟನ್ ವಾಯುನೆಲೆಯ ಹೊರಗೆ ನಡೆದದ್ದು ಹೀಗೆಯೇ. ಅಮೆರಿಕದಿಂದ ಬಂದು ಕೆಲವೇ ವಾರಗಳಾಗಿದ್ದ ಮಹಿಳೆಯೊಬ್ಬರು ತಮ್ಮ ದೇಶದ ರೂಢಿಯಂತೆ ಬಲಗಡೆಯಲ್ಲಿ ಗಾಡಿ ನಡೆಸಿದರು. ಎದುರಿನಿಂದ ಮೋಟಾರು ಸೈಕಲ್ಲಿನಲ್ಲಿ ಬಂದ 19 ವರ್ಷದ ಹುಡುಗನು ಸತ್ತನು. ಎರಡು ಸರ್ಕಾರಗಳ ನಡುವೆ ವಿರಸ ಹುಟ್ಟಿತು. 2022ರಲ್ಲಿ ಆಕೆಯು ತಪ್ಪನ್ನು ಒಪ್ಪಿಕೊಂಡರು, ನ್ಯಾಯಾಲಯವು ಎಂಟು ತಿಂಗಳ ಶಿಕ್ಷೆಯನ್ನು ಅಮಾನತ್ತಿನಲ್ಲಿರಿಸಿ ವಿಧಿಸಿತು. ಆಕೆಯೇನೂ ಗಾಡಿ ನಡೆಸಲು ಬಾರದವರಲ್ಲ. ಆ ಹುಡುಗನ ತಂದೆತಾಯಿಗಳಿಗೆ ಇದರಿಂದ ಯಾವ ಸಮಾಧಾನ?

ಕೈಯ ಹಳೆಯ ಅಭ್ಯಾಸಕ್ಕೆ ಇನ್ನೊಂದು ಸಣ್ಣ ನಿದರ್ಶನವುಂಟು. ನಮ್ಮ ಎಷ್ಟೋ ಗಾಡಿಗಳಲ್ಲಿ ತಿರುವಿನ ದೀಪದ ಕಡ್ಡಿಯು ಚಕ್ರದ ಬಲಕ್ಕಿರುವುದು, ಗಾಜು ಒರೆಸುವುದು ಎಡಕ್ಕೆ. ಅಲ್ಲಿ ಇದು ಅದಲುಬದಲು. ಹೊಸದಾಗಿ ಹೋದವರು ತಿರುವಿನಲ್ಲಿ ದೀಪ ಹಾಕಹೋಗಿ ಬಿರುಬಿಸಿಲಿನಲ್ಲಿ ಗಾಜನ್ನು ಒರೆಸುವರು. ಮಕ್ಕಳು ನಗುವರು. ಆದರೆ ಹಿಂದಿನ ಗಾಡಿಯವನಿಗೆ ನಾವು ತಿರುಗುವುದು ತಿಳಿಯಲಿಲ್ಲವೆಂಬುದು ನಗುವ ಮಾತಲ್ಲ.

ತಾಯಂದಿರಿಗೂ ಅಜ್ಜಿಯರಿಗೂ ಒಂದು ಮಾತನ್ನು ಬೇರೆಯಾಗಿ ಹೇಳಬೇಕಾಗಿದೆ. ಎಳೆಯ ಮಗುವು ಹಿಂದಿನ ಆಸನದಲ್ಲಿ ಪಟ್ಟಿಗಳಿಂದ ಬಿಗಿಸಿಕೊಂಡು ಅಳುತ್ತಿರುವುದನ್ನು ಕಂಡು, "ಇದೇನು ಶಿಕ್ಷೆ, ನನ್ನ ಮಡಿಲಿಗೆ ಕೊಡಿ" ಎನ್ನದ ಅಜ್ಜಿಯಿಲ್ಲ. ಲೆಕ್ಕ ಹಾಕಿ ನೋಡೋಣ. ಗಂಟೆಗೆ 50 ಕಿಲೋಮೀಟರು ವೇಗದಲ್ಲಿ ಹೋಗುವ ಗಾಡಿಯು ಏನಕ್ಕೋ ತಾಗಿ ಒಂದು ಸೆಕೆಂಡಿನ ಹತ್ತರಲ್ಲೊಂದು ಭಾಗದಲ್ಲಿ ನಿಂತುಹೋದರೆ, 10 ಕಿಲೋ ತೂಕದ ಕೂಸನ್ನು ಹಿಡಿದಿಡುವುದಕ್ಕೆ ಆ ಕ್ಷಣದಲ್ಲಿ ಸುಮಾರು 140 ಕಿಲೋ ಭಾರವನ್ನು ತಡೆಯುವಷ್ಟು ಬಲ ಬೇಕು. ಯಾವ ಅಜ್ಜಿಯ ತೋಳಿಗೂ ಪ್ರೀತಿಯು ಅಷ್ಟು ಬಲವನ್ನು ಕೊಡಲಾರದು. ಕ್ಯಾಲಿಫೋರ್ನಿಯದ ಕಾನೂನಿನಂತೆ ಎಂಟು ವರ್ಷದೊಳಗಿನ ಮಕ್ಕಳು ಹಿಂದಿನ ಸಾಲಿನಲ್ಲಿ ತಕ್ಕ ಆಸನದಲ್ಲಿಯೇ ಕೂರತಕ್ಕದ್ದು. ಎರಡು ವರ್ಷದೊಳಗಿನ ಕೂಸಿನ ಮುಖವು, ಅದು ತೀರ ದೊಡ್ಡದಾಗಿ ಬೆಳೆದಿಲ್ಲದಿದ್ದರೆ, ಗಾಡಿಯ ಹಿಂಭಾಗಕ್ಕೆ ತಿರುಗಿರಬೇಕು. ತಾತನು ಮೊಮ್ಮಗಳನ್ನು ಕರೆತರಲು ಹೊರಡುವ ಮುನ್ನ ಗಾಡಿಗಿಂತ ಮೊದಲು ಈ ಆಸನದ ಪಟ್ಟಿಗಳನ್ನು ಹಾಕಿ ತೆಗೆಯುವುದನ್ನು ಕಲಿಯಬೇಕು. ಅದೇ ಹೆಚ್ಚು ಕಷ್ಟವೆಂದು ಕೇಳಿರುವೆವು.

ಹಾಗಾದರೆ ಹಿರಿಯರು ಅಲ್ಲಿ ಗಾಡಿ ನಡೆಸಬಹುದೇ, ಬಾರದೇ? ಕತ್ತಲಲ್ಲಿ ಎದುರಿನ ದೀಪಕ್ಕೆ ಕಣ್ಣು ಕುಕ್ಕುವವರು, ತೂಕಡಿಕೆ ತರುವ ಔಷಧ ಸೇವಿಸುವವರು, ಊರಿನಲ್ಲಿಯೇ ಐದಾರು ವರ್ಷದಿಂದ ಗಾಡಿ ಮುಟ್ಟದಿರುವವರು ಬೇಡವೆಂದೇ ನಮ್ಮ ಮತ. ಉಳಿದವರು ಮೊದಲ ಹದಿನೈದು ದಿನ ಮಗನ ಪಕ್ಕದಲ್ಲಿ ಕುಳಿತು, ಪ್ರತಿಯೊಂದು ಫಲಕವನ್ನೂ ಹುಡುಗರು ಪಾಠ ಒಪ್ಪಿಸುವಂತೆ ಗಟ್ಟಿಯಾಗಿ ಓದಲಿ. ಗಾಡಿಯು ಏಕೆ ನಿಂತಿತು, ಯಾರಿಗೆ ಬಿಟ್ಟಿತೆಂದು ಹೇಳಲಿ. ಬಳಿಕ ಭಾನುವಾರದ ಬೆಳಗ್ಗೆ ಯಾವುದಾದರೂ ಖಾಲಿ ಅಂಗಳದಲ್ಲಿ ಕೈಯಾಡಿಸಲಿ. ಅನಂತರ ಮನೆಯಿಂದ ಹಾಲಿನ ಅಂಗಡಿಗೆ, ಹಗಲಿನಲ್ಲಿ, ಒಂದೇ ದಾರಿಯಲ್ಲಿ. ಹಿಮ ಬಿದ್ದ ದಿನ ಗಾಡಿಯ ಕೀಲಿಯನ್ನು ಮುಟ್ಟಬಾರದು. ವೇಗದ ಫಲಕದಲ್ಲಿರುವ ಅಂಕಿಯು ಮೈಲಿಯದು, ಕಿಲೋಮೀಟರಿನದಲ್ಲ. 65 ಎಂದಿದ್ದರೆ ನಮ್ಮ ಲೆಕ್ಕದಲ್ಲಿ ಸುಮಾರು 105. ರಸ್ತೆಯ ಅಂಚಿನಲ್ಲಿ ದೀಪ ಮಿನುಗಿಸುತ್ತ ನಿಂತಿರುವ ಪೊಲೀಸು ಅಥವಾ ಆಸ್ಪತ್ರೆಯ ಗಾಡಿಯನ್ನು ಕಂಡರೆ ಒಂದು ಸಾಲು ಆಚೆಗೆ ಸರಿಯಬೇಕು, ಆಗದಿದ್ದರೆ ವೇಗ ತಗ್ಗಿಸಬೇಕು. ಐವತ್ತು ಸಂಸ್ಥಾನಗಳಲ್ಲಿಯೂ ಈ ಬಗೆಯ ಕಾನೂನು ಇದೆ. ಹಾರನ್ನನ್ನು ಊರಿನಲ್ಲಿಯೇ ಬಿಟ್ಟುಹೋದರೂ ಚಿಂತೆಯಿಲ್ಲ.

ಮಗನ ಗಾಡಿಯ ವಿಮೆಯು ತಂದೆಯು ನಡೆಸುವಾಗಲೂ ಸಲ್ಲುವುದೋ ಇಲ್ಲವೋ ಎಂಬುದನ್ನು ವಿಮಾ ಕಂಪನಿಯವರಿಂದ ಬರಹದಲ್ಲಿ ಕೇಳಿ ತಿಳಿದಮೇಲೆಯೇ ಚಕ್ರ ಹಿಡಿಯತಕ್ಕದ್ದು. ಹೊರಡುವಾಗ ಇಲ್ಲಿ ಕೊಳ್ಳುವ ಪ್ರವಾಸದ ಆರೋಗ್ಯ ವಿಮೆಯೇ ಬೇರೆ, ಗಾಡಿಯ ವಿಮೆಯೇ ಬೇರೆ. ಒಂದು ಇನ್ನೊಂದರ ಕೆಲಸ ಮಾಡುವುದಿಲ್ಲ. ಆರೋಗ್ಯ ವಿಮೆಯ ಪತ್ರದಲ್ಲಿ ಸಣ್ಣ ಅಕ್ಷರದಲ್ಲಿರುವ ಷರತ್ತುಗಳ ವಿಚಾರವನ್ನು ಮುಂದಿನ ಸಂಚಿಕೆಯಲ್ಲಿ ಬರೆಯುವೆವು.